ಕಿಟಕಿಯಿಲ್ಲದ ತರಗತಿ

ಊರಿನ ಗಾಳಿ ಕೆಟ್ಟ ಮೇಲೆ ಶುದ್ಧ ಗಾಳಿ ಉಳಿದಿದ್ದು ಕಿಟಕಿಯಿಲ್ಲದ ಶಾಲೆಗಳಲ್ಲಿ ಮಾತ್ರ. ಒಂದೊಂದು ಕೋಣೆಯ ಗಾಳಿ ಎಷ್ಟು ಮಕ್ಕಳಿಗೆ ಸಾಲುತ್ತದೆಂದು ವರ್ಷಕ್ಕೊಮ್ಮೆ ಅಳೆಯುವುದು ಪರಿಸರ ಎಂಜಿನಿಯರ್ ನೀಲಾಂಬಿಕಾಳ ಕೆಲಸ. ಹೆಚ್ಚಾದವರನ್ನು ಹೊರಗೆ ಕಳಿಸಬೇಕು.

ರಾಯಚೂರಿನ ಶಾಲೆಯೊಂದರಲ್ಲಿ ಅವಳು ಮೀಟರ್ ತೆಗೆದಳು. ಮಾತೆಲ್ಲ ನಿಂತಿತು. ಮುಂದಿನ ಸಾಲಿನ ಹುಡುಗಿಯೊಬ್ಬಳ ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು.

"ಉಸಿರು ಬಿಡವ್ವ," ಎಂದಳು ನೀಲಾಂಬಿಕಾ.

ಹುಡುಗಿ ಬೇಡವೆಂದು ತಲೆಯಾಡಿಸಿದಳು. ಕಡೆಗೆ ತಡೆಯಲಾರದೆ ಉಸಿರು ಬಿಟ್ಟು, ಪಕ್ಕದಲ್ಲಿದ್ದ ತಮ್ಮನ ಕೈ ಹಿಡಿದುಕೊಂಡಳು.

"ನನ್ನ ಹೊರಗ ಕಳಸ್ರಿ ಮೇಡಂ, ಇಂವ ಇಲ್ಲೇ ಇರ್ಲಿ. ಸಣ್ಣಾಂವ ಅದಾನ್ರಿ, ಭಾಳ ಗಾಳಿ ತಗೊಳಂಗಿಲ್ಲ."

ಹುಡುಗಿ ಉಸಿರು ಬಿಡುವ ಮೊದಲೇ, ಗಾಳಿ ಸಾಲದೆಂದು ಮೀಟರಿನ ಕೆಂಪು ದೀಪ ಹೊತ್ತಿತ್ತು. ಹಿಂದಿನ ಸಾಲುಗಳಲ್ಲಿ ಮಕ್ಕಳು ಇನ್ನೂ ಉಸಿರು ಬಿಗಿಹಿಡಿದೇ ಕೂತಿದ್ದರು.