ಸಾವಿರ ವಾಟ್ಸಿನ ಕಂಬ

ದುರುಗೇಶ ಸ್ವಿಚ್ ಒತ್ತಿದ್ದೇ ತಡ, ಅವನು ಮೂರು ತಿಂಗಳು ಕೂತು ಕೈಯಾರೆ ಕಟ್ಟಿದ ಸಾವಿರ ವಾಟ್ಸಿನ ಆಂಪ್ಲಿಫೈಯರ್ ಓಣಿಗೆಲ್ಲ ಕೇಳುವಂತೆ "ಗುಂಯ್..." ಎಂದಿತು. ಮಾನ್ವಿಯ ಆ ಮದುವೆ ಹಂದರದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ಎಲ್ಲೋ ಜೇನು ಎದ್ದಿತೆಂದು ತಟ್ಟೆ ಹಿಡಿದುಕೊಂಡೇ ಮೇಲೆ ನೋಡಿದರು.

ಮತೀನ್ ಮೇಲೆ ನೋಡಲಿಲ್ಲ, ದುರುಗೇಶನನ್ನು ನೋಡಿದ. ಮೈಕ್ ಸೆಟ್ಟು ಇಬ್ಬರದೂ. ಬುಕಿಂಗ್ ಹಿಡಿಯುವುದು ಮತೀನನ ಕೆಲಸ, ವೈರು ಜೋಡಿಸುವುದು ದುರುಗೇಶನದು.

"ರಾಯಚೂರಿಗಿ ಹೋಗಿ ರೆಡಿಮೇಡ್ ತರೂಣು ಅಂತ ಬಡ್ಕೊಂಡೆ. ಪೆಟಗಿ ಒಡದು ಪಿನ್ ಚುಚ್ಚಿದ್ರ ಹಾಡಬೇಕು ಅದು. ನೀ ನೋಡಿದ್ರ ಹೆಂಡ್ತಿ ಟ್ರಂಕಿನ್ಯಾಗ ಟ್ರಾನ್ಸ್‌ಫಾರ್ಮರ್ ಕುಂದ್ರಿಸಿದಿ!"

"ರೆಡಿಮೇಡ್ ಸುಟ್ರ ಅದನ್ನ ಬಿಚ್ಚಾವ ಯಾವನು? ಇದರಾಗಿನ ಒಂದೊಂದು ವೈರು ನಂಗ ಗೊತ್ತದ."

"ಹಂಗಾರ ಗುಂಯ್ ಅನ್ನಾದು ಯಾವ ವೈರಪಾ?"

"ವೈರಲ್ಲೋ ಯಾರ್. ನೆಲ ಒಣಗ್ಯಾದ, ಅರ್ಥಿಂಗ್ ಸಿಗವಲ್ದು."

"ನೋಡು, ಅಕ್ಕಿಕಾಳಿನ ಮುಹೂರ್ತಕ್ಕ ಇನ್ನ ಅರ್ಧ ತಾಸು ಅದ. ಅಷ್ಟರಾಗ ಇದು ಬಾಯಿ ಮುಚ್ಚಲಿಲ್ಲಂದ್ರ ನಾಳಿ ಮೊದಲ್ನೇ ಬಸ್ಸಿಗಿ ರಾಯಚೂರಿಗಿ ಹೋಗಿ ರೆಡಿಮೇಡ್ ತರ್ತೀನಿ. ನಿನ್ನ ಟ್ರಂಕು ಗುಜರಿಗಿ. ಕಸಂ!"

ದುರುಗೇಶ ಟೆಸ್ಟರ್ ಜೇಬಿಗಿಳಿಸಿದ. ಹಂದರದ ಮೂಲೆಗೆ ಓಡಿದ. ಬೆಳಗ್ಗೆಯೇ ಅಲ್ಲಿ ಆಳೆತ್ತರದ ಕಬ್ಬಿಣದ ರಾಡನ್ನು ಅರ್ಧ ಹೂತು, ಹಸಿರು ವೈರು ಸುತ್ತಿ, ಬುಡಕ್ಕೆ ಉಪ್ಪುನೀರು ಸುರಿದಿದ್ದ. ಬಿಸಿಲು ಅಷ್ಟನ್ನೂ ಕುಡಿದು ಮುಗಿಸಿತ್ತು.

ಅವನಿಗಿಂತ ಮೊದಲೇ ರಾಡಿನ ಮುಂದೆ ಒಬ್ಬ ಮುದುಕಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮದುಮಗನ ಅಜ್ಜಿ ಮಾರೆಮ್ಮ. ದೇವದುರ್ಗದಿಂದ ಬಂದು ಈಗಷ್ಟೇ ಟಂಟಂ ಆಟೋ ಇಳಿದಿದ್ದಳು. ಹೆಣ್ಣಿನವರು ಶಾಸ್ತ್ರೋಕ್ತವಾಗಿ ನೆಟ್ಟ ಹಂದರಗಂಬಕ್ಕೆ ಡೆಕೋರೇಶನ್‌ನವರು ಗುಲಾಬಿ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೂ ಹೊದಿಸಿ ಅದು ಕಂಬವೆಂದೇ ಗೊತ್ತಾಗದಂತೆ ಮಾಡಿದ್ದರು. ಮುದುಕಿಯ ಕಣ್ಣಿಗೆ ಬಿದ್ದ ಕಂಬ ಇದೊಂದೇ.

"ಯಾವನಲೇ ಇದನ್ನ ನೆಟ್ಟಾವ?"

"ನಾನ ಯವ್ವಾ."

"ಅರಿಷಿಣಿಲ್ಲ, ಕುಂಕುಮಿಲ್ಲ, ಹಂದರಗಂಬನ್ನ ಬೋಳ ನಿಲ್ಲಿಸಿದಿ! ನನ್ನ ಮೊಮ್ಮಗನ ಮದಿವಿ ಅಂದ್ರ ಮಾನ್ವಿ ಮಂದಿಗಿ ಇಷ್ಟ ಹಗುರಾತೇನು?"

"ಯವ್ವಾ, ಅದು ಕಂಬಲ್ಲ, ಅರ್ಥಿಂ..."

"ಬಾಯಿ ಮುಚ್ಚು. ಏ ಹುಡಿಗೇರಾ, ಕೊಡ ತರ್ರೆ!"

ದುರುಗೇಶ ಗಾಬರಿಯಿಂದ ರಾಡಿಗೆ ಟೆಸ್ಟರ್ ಹಚ್ಚಿ ನೋಡಿದ. ದೀಪ ಹತ್ತಲಿಲ್ಲ; ಯಾರ ಜೀವಕ್ಕೂ ಮೋಸವಿಲ್ಲ. ಸರಿದು ನಿಂತ. ಮಾರೆಮ್ಮ ರಾಡಿಗೆ ತುದಿಯಿಂದ ಬುಡದವರೆಗೆ ಅರಿಷಿಣ ಬಳಿದಳು, ಐದು ಕಡೆ ಕುಂಕುಮವಿಟ್ಟಳು, ತುಂಬಿದ ಕೊಡವನ್ನು ಹಾಗೇ ಅದರ ಬುಡಕ್ಕೆ ಬೋರಲು ಹಾಕಿದಳು.

ಗುಂಯ್ ಎನ್ನುತ್ತಿದ್ದ ಆಂಪ್ಲಿಫೈಯರ್ ಗುಂ ಎಂದಿತು. ಎರಡನೆಯ ಕೊಡಕ್ಕೆ ಬರೀ ಗು. ಮೂರನೆಯದಕ್ಕೆ ತೆಪ್ಪಗಾಯಿತು. ಮೈಕಿನ ಮುಂದೆ ಕೂತಿದ್ದ ಭಟ್ಟರು ಕೆಮ್ಮಿದ್ದು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿತು.

ಮಾರೆಮ್ಮ ಗೆದ್ದವಳಂತೆ ಸುತ್ತ ನೋಡಿದಳು. "ಕೇಳಿದ್ರೇನು? ಕಂಬ ನೀರಡಿಸಿತ್ತು! ಪಾಪ, ಅವಾಗಿಂದ ಅಳಾಕತ್ತಿತ್ತು!"

ಮುಗಿಯಿತು. ಗಂಡಿನ ಕಡೆಯವರು ಕಂಬಕ್ಕೆ ನೀರು ಹಾಕಿದರೆಂದು ಹೆಣ್ಣಿನ ಕಡೆಯವರೂ ಕೊಡ ಹೊತ್ತು ಬಂದರು. ಇವರು ಐದು ಹಾಕಿದರೆ ಅವರು ಏಳು. ಬೀಗರ ಕಾಲಲ್ಲೆಲ್ಲ ಕೆಸರು, ಸೀರೆ ಅಂಚಲ್ಲೆಲ್ಲ ಅರಿಷಿಣ. ಒಂದು ಗಳಿಗೆ ನೀರು ನಿಂತು ಆಂಪ್ಲಿಫೈಯರ್ ಮತ್ತೆ ಸಣ್ಣಗೆ ರಾಗ ತೆಗೆದರೆ ಸಾಕು, "ಅತ್ತು! ಕಂಬ ಅತ್ತು!" ಎಂದು ಕೂಗೆದ್ದು, ದೊಡ್ಡ ರುಮಾಲಿನ ಹಿರಿಯರೂ ಬಕೆಟ್ ಹಿಡಿದು ಓಡಿದರು. ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಗಳಾಷ್ಟಕದ ಒಂದೊಂದು ಅಕ್ಷರವೂ ಕಾಲುವೆಯಾಚೆಯ ಗದ್ದೆಯವರೆಗೆ ಹೋಗಿ ಮುಟ್ಟಿತು.

ದುರುಗೇಶನಿಗೆ ಮನಸ್ಸು ತಡೆಯಲಿಲ್ಲ. "ಮತೀನ್, ಆ ಮುದುಕಿಗಿ ನಿಜ ಹೇಳಿಬಿಡ್ತೀನಿ."

ಮತೀನ್ ಅವನ ಬಾಯಿಗೊಂದು ಇಡೀ ಲಾಡು ತುರುಕಿದ. "ಇದನ್ನ ತಿನ್ನು ಮದ್ಲ."

ಸಂಜೆ ಸಾಮಾನು ಕಟ್ಟುವಾಗ ದುರುಗೇಶ ರಾಡಿಗೆ ಕೈ ಹಾಕಿದ. ಮಾರೆಮ್ಮ ಎಲ್ಲಿದ್ದಳೋ, ಬಂದು ಅಡ್ಡ ನಿಂತಳು.

"ಕೈ ತಗಿ! ಐದು ದಿನ ಆಗೂತನಕ ಹಂದರಗಂಬ ಕೀಳಂಗಿಲ್ಲ."

"ಯವ್ವಾ, ನಾಡಿದ್ದ ಸಿರವಾರದಾಗ ಮದಿವಿ ಅದ. ಅಲ್ಲಿಗಿ ಬೇಕು."

"ಅಲ್ಲಿಗಿ ಬ್ಯಾರೆ ನೆಡು. ಇದು ನನ್ನ ಮೊಮ್ಮಗಂದು."

ದುರುಗೇಶ ಬರಿಗೈಯಲ್ಲಿ ಮರಳಿದ. ಮತೀನ್ ಫೋನಿನಲ್ಲಿದ್ದ. ಸಿರವಾರದ ಬೀಗರ ದನಿ ಹೊರಗೂ ಕೇಳುತ್ತಿತ್ತು: "ಅಳಾ ಕಂಬ ನಿಮ್ಮ ಹಂತ್ಯಾಕ ಅದಂತಲ್ರೀ? ನಮ್ಮ ಮದಿವಿಗೂ ಅದ ಬೇಕ್ರಿ. ಬ್ಯಾರೆ ಕಂಬ ತಂದ್ರ ನಡಿಯಂಗಿಲ್ಲ ನೋಡ್ರಿ!"

ಮತೀನ್ ಫೋನು ಜೇಬಿಗಿಟ್ಟು ಟ್ರಂಕಿನ ಮುಚ್ಚಳ ಹಾಕಿದ. ಆಮೇಲೆ, "ನಾಳಿ ಮೊದಲ್ನೇ ಬಸ್ಸಿಗಿ ರಾಯಚೂರಿಗಿ ಹೊಂಟೀನಿ," ಎಂದ.

ದುರುಗೇಶನ ಮುಖ ಸಣ್ಣದಾಯಿತು. "ಮತ್ಯಾಕೋ? ಸುಮ್ಮನಾತಲ್ಲ ಅದು!"

"ರೆಡಿಮೇಡ್ ಆಂಪ್ಲಿಫೈಯರ್ ತಂದ್ರ ಅದು ಎಲ್ಲಿ ಅಳತದಪಾ?" ಎಂದ ಮತೀನ್. "ಆಂಪ್ಲಿಫೈಯರ್ ನಮ್ದ ಇರ್ಲಿ. ಕಂಬ ಒಂದು ರೆಡಿಮೇಡ್ ತರ್ತೀನಿ."