ಭಾವನ ಹ್ಯಾಂಡಿಕ್ಯಾಪ್

ಚೆಂಡಿಗೂ ಕುಳಿಗೂ ನಡುವೆ ಒಂದು ಗೇಣು ಜಾಗವಿತ್ತು. ಭಾವ ಬಗ್ಗಿ ನೋಡಿದ, ಕೋಲನ್ನು ತುಸು ಹಿಂದಕ್ಕೆ ಎಳೆದ, ಚೆಂಡನ್ನು ಕುಳಿಯ ಪಕ್ಕಕ್ಕೆ ಸಾಗಹಾಕಿದ.

“ಕೈ ತಪ್ಪಿತು,” ಎಂದ. ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ.

ವಕೀಲನ ಬಾಯಿ ಕಹಿಯಾಯಿತು. ಕೈ ತಪ್ಪಿದ್ದಲ್ಲ, ತಪ್ಪಿಸಿದ್ದು. ಸುಳ್ಳುಸಾಕ್ಷಿಗಳನ್ನು ಕಟಕಟೆಯಲ್ಲಿ ನೋಡಿ ನೋಡಿ ಪಳಗಿದ ಕಣ್ಣು ಅವನದು. ಹೆಂಡತಿಯ ಅಣ್ಣನಾದ ಈ ಭಾವ ಹಲ್ಲಿನ ಡಾಕ್ಟರು. ದವಡೆಯೊಳಗಿನ ನೂಲೆಳೆಯಂಥ ನರವನ್ನು ಹುಡುಕಿ ತೆಗೆಯುವ ಕೈ ಗೇಣು ದೂರದ ಕುಳಿ ತಪ್ಪುವುದೇ?

ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹ್ಯಾಂಡಿಕ್ಯಾಪ್ ಎಂದರೆ ಗಾಲ್ಫ್ ಕ್ಲಬ್ಬು ಆಟಗಾರನಿಗೆ ಕೊಡುವ ರಿಯಾಯಿತಿ. ಕೊನೆಯ ಇಪ್ಪತ್ತು ಆಟಗಳಲ್ಲಿ ಚೆನ್ನಾಗಿ ಆಡಿದ ಎಂಟನ್ನು ಆರಿಸಿ, ಮೈದಾನಕ್ಕೆ ನಿಗದಿಯಾದದ್ದಕ್ಕಿಂತ ಎಷ್ಟು ಹೊಡೆತ ಹೆಚ್ಚು ಹೊಡೆದಿದ್ದಾನೆಂದು ಸರಾಸರಿ ತೆಗೆಯುತ್ತಾರೆ. ಪಂದ್ಯದ ದಿನ ಅಷ್ಟನ್ನು ಅವನ ಮೊತ್ತದಿಂದ ಕಳೆಯುತ್ತಾರೆ. ಉಳಿದದ್ದು ಯಾರದು ಕಡಿಮೆಯೋ ಅವನು ಗೆದ್ದ. ವರ್ಷವಿಡೀ ಬೇಕೆಂದೇ ಕೆಟ್ಟದಾಗಿ ಆಡಿ ರಿಯಾಯಿತಿ ಬೆಳೆಸಿಕೊಂಡವನು ಕ್ಲಬ್ಬಿನ ವಾರ್ಷಿಕ ಕಪ್ ಪಂದ್ಯದ ದಿನ ನಿಜವಾಗಿ ಆಡಿದರೆ ಮುಗಿಯಿತು. ಎರಡು ವರ್ಷದಲ್ಲಿ ಭಾವನ ರಿಯಾಯಿತಿ ಎಂಟರಿಂದ ಹದಿನೇಳಕ್ಕೆ ಏರಿತ್ತು.

ವಿಚಿತ್ರವೆಂದರೆ, ಇಬ್ಬರ ಭಾನುವಾರದ ಆಟದಲ್ಲೂ ಇದೇ ಲೆಕ್ಕ. ರಿಯಾಯಿತಿ ಏರಿದಷ್ಟೂ ಭಾವ ಇನ್ನಷ್ಟು ಕೆಟ್ಟದಾಗಿ ಆಡುತ್ತಿದ್ದ. ಗೆಲುವು ಪ್ರತಿ ವಾರ ವಕೀಲನದೇ.

“ಗೆದ್ದಿರಲ್ಲ ವಕೀಲರೇ, ಖುಷಿಯಾಗಿ ಮನೆಗೆ ಹೋಗಿ,” ಎಂದು ಭಾವ ಕೈ ಚಾಚಿದ. ವಕೀಲ ಆ ಕೈ ಕುಲುಕಿ, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೊಳೆದುಕೊಂಡ.

ಮನೆಯಲ್ಲಿ ಹೆಂಡತಿಗೆ ಫಲಿತಾಂಶ ಎಂದಿನಂತೆ ಮೊದಲೇ ಗೊತ್ತಿತ್ತು. ಭಾವ ಫೋನು ಮಾಡಿರುತ್ತಿದ್ದ. ವಾರವೆಲ್ಲ ಮೂಲೆ ಹಿಡಿದು ಕೂರುವ ಮಗಳು ಟೀವಿಯ ಸದ್ದು ಜೋರು ಮಾಡಿಕೊಂಡಿದ್ದಳು.

ಆದರೆ ಆ ಗೆಲುವು ವಕೀಲನಿಗೆ ಎಂಜಲಿನಂತೆ ಕಂಡಿತು. ಊಟಕ್ಕೆ ಕೂತವನು, ನಿನ್ನಣ್ಣ ಮೋಸಗಾರ ಎಂದ. ಅವಳು ಹಾಗಲ್ಲವೆಂದಳು. ಮಾತಿಗೆ ಮಾತು ಬೆಳೆಯಿತು. ಹೆಂಡತಿ ತವರಿನ ಪರ ವಹಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ.

ಮರುದಿನವೇ ಕ್ಲಬ್ಬಿನ ಕಾರ್ಯದರ್ಶಿಗೆ ದೂರು ಕೊಟ್ಟ. ಆಕೆ ಕನ್ನಡಕ ತೆಗೆದಿಟ್ಟು ಯೋಚಿಸಿದಳು.

“ಡಾಕ್ಟರು ಯಾವ ವರ್ಷವೂ ಕಪ್ ಪಂದ್ಯಕ್ಕೆ ಹೆಸರೇ ಕೊಟ್ಟಿಲ್ಲ. ನಿಮ್ಮನ್ನ ಬಿಟ್ಟು ಬೇರೆಯವರ ಜೊತೆ ಆಡೋದೂ ಇಲ್ಲ. ರಿಯಾಯಿತಿ ಗುಡ್ಡೆ ಹಾಕಿಕೊಂಡು ಏನು ಮಾಡ್ತಾರೆ?”

ಈ ವರ್ಷ ಕೊಡುತ್ತಾನೆ, ನೋಡುತ್ತಿರಿ ಎಂದ ವಕೀಲ. ಮುಂದಿನ ಭಾನುವಾರ ತಾನೂ ಜೊತೆಗೆ ನಡೆದು ಆಟ ನೋಡುವುದಾಗಿ ಆಕೆ ಒಪ್ಪಿದಳು.

ಆ ಭಾನುವಾರ ಭಾವ ತಡವಾಗಿ ಬಂದ. ನಿದ್ದೆಗೆಟ್ಟ ಕಣ್ಣು, ಬಿಗಿದ ದವಡೆ. ವಕೀಲನ ಮುಖ ನೋಡದೆ ಚೆಂಡನ್ನು ನೆಲಕ್ಕಿಟ್ಟ. ಮೊದಲ ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಎರಡನೆಯದೂ ಹಾಗೆಯೇ. ಗೇಣು ದೂರ, ಮಾರು ದೂರ, ಎಲ್ಲವೂ ಕುಳಿಗೆ. ರಿಯಾಯಿತಿ ಕಳೆಯುವ ಮೊದಲೇ ವಕೀಲ ನೆಲಕಚ್ಚಿದ್ದ.

ಸೋಲಿನ ಉರಿಯ ನಡುವೆಯೂ ಅವನಿಗೆ ಗೆದ್ದಂತಾಯಿತು. ಬೂಟು ಬಿಚ್ಚುವ ಕೋಣೆಯಲ್ಲಿ, ಕಾರ್ಯದರ್ಶಿಯ ಎದುರೇ, ಪಾಟೀಸವಾಲಿಗೆ ನಿಂತ.

“ಹೀಗೆ ಆಡೋದಕ್ಕೆ ನಿಮಗೆ ಮೊದಲಿಂದ ಬರ್ತಿತ್ತು. ಹೌದೋ ಅಲ್ಲವೋ?”

“ಹೌದು.”

“ಬೇಕಂತಲೇ ತಪ್ಪಿಸ್ತಿದ್ರಿ.”

“ಹೌದು.”

ವಕೀಲ ಕಾರ್ಯದರ್ಶಿಯ ಕಡೆ ತಿರುಗಿ ನಕ್ಕ. ಸ್ವಂತ ಸಂಬಂಧಿಗೂ ಮೋಸ ಮಾಡುವ ಇಂಥವರನ್ನು ಕಂಡರೆ ಹೇಸಿಗೆಯಾಗುತ್ತದೆ ಎಂದ. ಇವತ್ತೇಕೆ ಮುಖವಾಡ ಕಳಚಿತು ಎಂದು ಕೇಳಿದ.

ಭಾವ ಬೂಟಿನ ದಾರ ಬಿಚ್ಚಿ ಎದ್ದು ನಿಂತ.

“ಎರಡು ದಿನಕ್ಕೆ ಅಂತ ನಿಮಗೆ ಹೇಳಿ ನನ್ನ ತಂಗಿ ನಿನ್ನೆ ಮಗಳನ್ನ ಕರಕೊಂಡು ನಮ್ಮನೆಗೆ ಬಂದಳಲ್ಲ, ವಕೀಲರೇ. ಇನ್ನು ವಾಪಸ್ಸು ಬರಲ್ಲ. ಇಷ್ಟು ದಿನ ನಾನಿಲ್ಲಿ ಒಂದು ಹೊಡೆತ ಜಾಸ್ತಿ ಹೊಡೆದರೆ, ಮನೇಲಿ ಅವಳಿಗೆ ಒಂದು ಕಮ್ಮಿ ಬೀಳ್ತಿತ್ತು.”