ತೊಗರಿ ಕಟ್ಟಿಗೆ ಆಗಿಬರದ ಮನೆ

"ನಿಮ್ಮ ಈ ಕಣ್ಣಿಗೆ ಏನಾಗಿತ್ರಿ?"

ಮೂರೂವರೆ ತಿಂಗಳ ಮಗಳಿಗೆ ಇಂಜೆಕ್ಷನ್ ಹಾಕಿಸಲು ಹೆಂಡತಿಯೊಡನೆ ಬಂದಿದ್ದ ಗುರುಶಾಂತನನ್ನು ಆಳಂದದ ಸರಕಾರಿ ದವಾಖಾನೆಯಲ್ಲಿ ಡಾಕ್ಟರ್ ಮೆಹರಾಜಬೇಗಂ ಕೇಳಿದರು. ಅವನ ಎಡಗಣ್ಣು ಕೃತಕವಾಗಿ ಕೂರಿಸಿದ್ದು. ಬಲಗಣ್ಣು ತಿರುಗಿದಾಗ ಅದು ಜೊತೆಗೆ ತಿರುಗುತ್ತಿರಲಿಲ್ಲ.

"ಸಣ್ಣಾಂವ ಇದ್ದಾಗ ತೊಗರಿ ಕಟ್ಟಿಗಿ ಚುಚ್ಚಿತ್ತಂತರಿ. ಸೋಲಾಪುರದಾಗ ತಗಸಿದ್ರಂತ."

"ಎಷ್ಟು ಸಣ್ಣಾಂವ?"

"ಒಂದೂವರಿ ವರ್ಷದಾಂವ್ರಿ."

"ಒಂದೂವರಿ ವರ್ಷಕ್ಕ ತೊಗರಿ ರಾಶಿ ಮಾಡಾಕ ಹೋಗಿದ್ದೇನಪಾ?" ಡಾಕ್ಟರು ನಕ್ಕರು. ಗುರುಶಾಂತನೂ ನಕ್ಕ. ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ಅವನ ತಾಯಿ ಶಿವಕಾಂತಮ್ಮ ಮಾತ್ರ ನಗಲಿಲ್ಲ.

ಆ ಕಟ್ಟಿಗೆಯ ಕತೆ ಅವರ ಊರು ಹಿರೋಳ್ಳಿಗೆಲ್ಲ ಗೊತ್ತು. ಅಂದಿನಿಂದ ಶಿವಕಾಂತಮ್ಮ ತೊಗರಿ ಕಟ್ಟಿಗೆಯನ್ನು ಅಂಗಳಕ್ಕೂ ತರಗೊಟ್ಟಿರಲಿಲ್ಲ. 'ನಮ್ಮ ಮನಿಗಿ ಆಗಿಬರಲ್ಲ' ಎಂದುಬಿಟ್ಟಿದ್ದಳು. ಅವರ ಹೊಲದ ಕಟ್ಟಿಗೆಯನ್ನು ಓಣಿಯವರು ಹೊರೆಗಟ್ಟಲೆ ಒಯ್ಯುತ್ತಿದ್ದರು. ಸೊಸೆ ವಿಜಯಶ್ರೀ ಮಾತ್ರ ಕೂಸಿಗೆ ಎರೆಯುವ ನೀರು ಕಾಯಿಸಲು ಹಳ್ಳದ ದಂಡೆಯ ಜಾಲಿ ಕಡಿದು, ಕೈತುಂಬ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ, ಪೆಟ್ಟಾಗಿದ್ರ ಚಿಂತಿಲ್ಲ. ಇಂಜೆಕ್ಷನ್ ಮಾಡಿಸ್ಕೊಂಡು ಮನಿಗಿ ಹೋಗ್ರಿ. ಆದ್ರ ಕಣ್ಣಿನೊಳಗ ಗಂಟು ಬೆಳದದ್ದಕ್ಕ ತಗದಿದ್ರ ಮಾತು ಬ್ಯಾರೆ. ಅದು ಕ್ಯಾನ್ಸರ್. ಕೆಲವು ಮನೆತನದಾಗ ಅದು ಮಕ್ಕಳಿಗಿ ಇಳೀತದ. ಹಂಗಿದ್ರ ಈ ಕೂಸಿನ ಕಣ್ಣು ಈಗಿಂದೀಗ ತೋರಿಸ್ಬೇಕು. ಬೇಗ ಸಿಕ್ಕರ ಕಣ್ಣು ಉಳೀತದ."

"ಇಲ್ರಿ, ಕಟ್ಟಿಗೀನೇ," ಎಂದ ಗುರುಶಾಂತ.

ನರ್ಸ್ ಸೂಜಿ ಚುಚ್ಚಿದಳು. ಕೂಸು ಚೀರಿತು. ವಿಜಯಶ್ರೀ ಅದನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಶಿವಕಾಂತಮ್ಮ ದಾರಿ ಬಿಡಲಿಲ್ಲ.

"ಸರೀರಿ ಅತ್ತಿ, ಬಸ್ ಹೋಗ್ತದ."

"ಹೋಗ್ಲಿ." ಶಿವಕಾಂತಮ್ಮ ಡಾಕ್ಟರ ಕಡೆ ತಿರುಗಿದಳು. "ಬಾಯಾರ, ಕಟ್ಟಿಗಿ ಅಲ್ರಿ. ಸಂಜಿಮುಂದ ಚಿಮಣಿ ಹಚ್ಚಿದ್ರ ಇವನ ಕಣ್ಣು ಬೆಕ್ಕಿನ ಕಣ್ಣಿನಂಗ ಬೆಳ್ಳಗ ಹೊಳೀತಿತ್ತು. ಸೋಲಾಪುರದಾಗ ಗಂಟು ಅಂದ್ರು. ಕಣ್ಣು ತಗದು ಜೀವ ಉಳಿಸಿದ್ರು."

"ಮತ್ತ ಕಟ್ಟಿಗಿ?" ಗುರುಶಾಂತ ಬಾಯಿ ತೆರೆದು ನಿಂತ.

"ಖರೇ ಹೇಳಿದ್ರ ನಿನಗ ಹೆಣ್ಣು ಯಾರು ಕೊಡ್ತಿದ್ರೋ?"

ವಿಜಯಶ್ರೀ ಅತ್ತೆಯನ್ನೇ ನೋಡಿದಳು. "ಒಂದ ಕಣ್ಣಿನಾಂವ ಅಂತ ಗೊತ್ತಿದ್ದೇ ಬಂದಾಕಿ ನಾ. ಗಂಟಂತ ಗೊತ್ತಾಗಿದ್ರ ಓಡಿ ಹೋಗ್ತಿದ್ನೇನು? ದಿನಾ ಸಂಜಿಮುಂದ ದೃಷ್ಟಿ ತಗೀತೇನಂತ ಹೇಳಿ ಇಕಿ ಕಣ್ಣಾಗ ಬ್ಯಾಟರಿ ಬಿಡ್ತಿದ್ರಲ್ಲ, ಇದಕ್ಕೇನು?"

ಶಿವಕಾಂತಮ್ಮ ತಲೆ ತಗ್ಗಿಸಿದಳು. "ಏನೂ ಹೊಳೀಲಿಲ್ಲವ್ವಾ. ಅದಕ್ಕ ಸುಮ್ಮಿದ್ದೆ."

"ಹೊಳಿಯೋತನಕ ಕಾಯಬಾರ್ದು ಆಯಿ," ಡಾಕ್ಟರು ಆಗಲೇ ಚೀಟಿ ಬರೆಯುತ್ತಿದ್ದರು. "ಹೊಳಿಯೋಕ್ಕಿಂತ ಮೊದಲ ಹುಡುಕಬೇಕು."

ಹೈದರಾಬಾದಿನ ಕಣ್ಣಿನ ದವಾಖಾನೆ ಮುಟ್ಟುವವರೆಗೆ ಸೊಸೆ ಅತ್ತೆಯ ಕೂಡ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಇಲ್ಲ, ರೈಲಿನಲ್ಲೂ ಇಲ್ಲ. ಕೂಸನ್ನು ಅತ್ತೆಯ ತೊಡೆಗೂ ಕೊಡಲಿಲ್ಲ. ಮರುದಿನ ಕೂಸಿಗೆ ಮಂಪರಿನ ಮದ್ದು ಕೊಟ್ಟು ಒಳಗೆ ಒಯ್ದರು. ಮೂವರೂ ಒಂದೇ ಬೆಂಚಿನ ಮೇಲೆ ಕುಳಿತರು, ಅತ್ತೆ ಸೊಸೆಯ ನಡುವೆ ಚೀಲ. ಬಹಳ ಹೊತ್ತಿನ ಮೇಲೆ ಅಲ್ಲಿನ ಡಾಕ್ಟರು ಗುರುಶಾಂತನನ್ನು ಕರೆದು ಹಿಂದಿಯಲ್ಲಿ ಮಾತಾಡಿದರು. ಅವನು ತಿರುಗಿ ಬರುವಾಗ ಬಲಗಣ್ಣು ಒರೆಸಿಕೊಳ್ಳುತ್ತಿದ್ದ.

"ಒಂದು ಕಣ್ಣಾಗ ಏನೂ ಇಲ್ಲಂತ. ಇನ್ನೊಂದರಾಗ ಎಳ್ಳಿನಷ್ಟು ಇತ್ತಂತ, ಅಂಚಿನಾಗ. ಲೇಸರ್‌ಲೆ ಸುಟ್ರಂತ. ಎರಡೂ ಕಣ್ಣು ಉಳೀತಾವಂತ. ರಕ್ತ ಪರೀಕ್ಷಾ ಅದ, ನಂದೂ ಕೂಸಿಂದೂ. ಇನ್ನ ತಿಂಗಳಿಗೊಮ್ಮಿ ಬಂದು ತೋರಿಸ್ಕೋಬೇಕು. ಮುಂದ ಇನ್ನೊಂದು ಕೂಸಾದ್ರ ಹುಟ್ಟಿದ ವಾರದಾಗೇ ನೋಡಿಸ್ಬೇಕಂತ."

"ಎಳ್ಳಿನಷ್ಟು?" ವಿಜಯಶ್ರೀ ಬೆರಳ ತುದಿಯನ್ನು ನೋಡಿಕೊಂಡಳು, ಅಲ್ಲೊಂದು ಎಳ್ಳು ಇರುವಂತೆ. ಆಮೇಲೆ ಬೆಂಚಿನ ನಡುವಿದ್ದ ಚೀಲವನ್ನು ಎತ್ತಿ ಕೆಳಗಿಟ್ಟಳು.

"ಅತ್ತಿ, ಮುಂಜಾನಿಂದ ಬಾಯಿಗಿ ಹನಿ ನೀರು ಹಾಕಿಲ್ಲ ನೀವು. ಚಾ ಕುಡೀರಿ, ನಡೀರಿ."

ಊರಿಗೆ ಬಂದ ಮರುದಿನ ಬೆಳಿಗ್ಗೆ ನೆರೆಮನೆಯ ಗುಲನಾಜ ಎಂದಿನಂತೆ ಅವರ ಹೊಲದಲ್ಲಿ ತೊಗರಿ ಕಟ್ಟಿಗೆಯ ಹೊರೆ ಕಟ್ಟುತ್ತಿದ್ದಳು. ಶಿವಕಾಂತಮ್ಮ ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಎದುರು ನಿಂತಳು.

"ಇದೊಂದು ಹೊರಿ ನನಗ ಹೊರಸವ್ವಾ. ಕೂಸಿಗಿ ಎರೀಬೇಕು, ನೀರು ಕಾಯಿಸ್ತೇನಿ."

ಗುಲನಾಜ ಹಗ್ಗ ಬಿಟ್ಟು ನೆಟ್ಟಗಾದಳು. "ಯಾ ಅಲ್ಲಾ! ನಿಮ್ಮ ಮನಿಗಿ ತೊಗರಿ ಕಟ್ಟಿಗಿ ಆಗಿಬರಲ್ಲಲ್ಲ ಶಿವಕಾಂತವ್ವ?"

"ಹೊರಸು ಹೊರಸು," ಅಂದಳು ಶಿವಕಾಂತಮ್ಮ, ತಲೆ ಬಾಗಿಸುತ್ತ. "ಪಾಪ, ಅದು ಯಾರ ಕಣ್ಣಿಗೂ ಚುಚ್ಚಿಲ್ಲ."